ಅಮ್ಮ ಇಲ್ಲದ ಹೊತ್ತಿಗೂ ನಡೆಯುವ ಯೋಜನೆ ಯಾವುದು? ಮಲೆನಾಡಿನ ಮನೆಗಳಿಗೊಂದು ಹೋಲಿಕೆ

ನನ್ನ ತಮ್ಮನಿಗೆ ಈಗ 27 ವರ್ಷ. ಆಟಿಸಂ ಇದೆ, ಬೌದ್ಧಿಕ ವಿಕಲತೆ ಇದೆ, ಆಗೊಮ್ಮೆ ಈಗೊಮ್ಮೆ ಫಿಟ್ಸ್ ಬರುತ್ತದೆ. ಮಾತು ಇಪ್ಪತ್ತು ಪದ ದಾಟುವುದಿಲ್ಲ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗೆ. ಪಕ್ಕದ ಮನೆ ಅಂದರೆ ತೋಟ ಇಳಿದು, ಹಳ್ಳದ ಸಂಕ (ಕಾಲುಸೇತುವೆ) ದಾಟಿ, ಆಚೆ ದಿಬ್ಬ ಹತ್ತಬೇಕು.

ಅವನನ್ನು ನೋಡಿಕೊಳ್ಳುವ ವಿದ್ಯೆಯೆಲ್ಲ ಅಮ್ಮನ ತಲೆಯಲ್ಲಿತ್ತು. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಯಾವ ಲೋಟದಲ್ಲಿ ಕೊಟ್ಟರೆ ಕುಡಿಯುತ್ತಾನೆ, ಕಿವಿ ಮುಚ್ಚಿಕೊಂಡರೆ ಏನು ಅರ್ಥ, ರಾತ್ರಿ ಎದ್ದು ಕೂತರೆ ಏನು ಬೇಕು, ಎಲ್ಲವೂ. ನಾವ್ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಅಮ್ಮ ಇದ್ದಾಳಲ್ಲ ಅಂತ ಧೈರ್ಯ.

ಎರಡು ವರ್ಷದ ಹಿಂದೆ, ಪುಷ್ಯ ಮಳೆ ಹೊಡೆಯುತ್ತಿದ್ದಾಗ, ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಹತ್ತಿರ ಮೂಳೆ ಮುರಿಯಿತು. ಅಪ್ಪಯ್ಯ ಪೇಟೆಗೆ ಹೋಗಿದ್ದರು, ನಾನು ಶಿವಮೊಗ್ಗದಲ್ಲಿದ್ದೆ. ಕರೆಂಟ್ ಹೋಗಿ ಮೂರು ದಿನವಾಗಿತ್ತು. ನೆಟ್‌ವರ್ಕೂ ಸತ್ತಿತ್ತು. ಅಪ್ಪಯ್ಯ ಬರುವ ತನಕ ಎರಡು ಗಂಟೆ ಹೊತ್ತು ತಮ್ಮ ಆ ಒದ್ದೆ ನೆಲದ ಮೇಲೆ ಅಮ್ಮನ ಪಕ್ಕದಲ್ಲೇ ಕೂತಿದ್ದ. ಅವಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. "ನೋವಿಗಿಂತ, ಇವನ ಮಧ್ಯಾಹ್ನದ ಮಾತ್ರೆ ಹೊತ್ತು ಮೀರ್ತಾ ಇದೆಯಲ್ಲ ಅನ್ನೋದೇ ತಲೇಲಿತ್ತು" ಅಂದಳು ಅಮ್ಮ ಆಮೇಲೆ.

ಅಲ್ಲಿಂದ ಶುರುಮಾಡಿ ನಾವು ಒಂದೊಂದನ್ನೇ ಮಾಡಿ ನೋಡಿದ್ದೇವೆ. ಕೆಲವಕ್ಕೆ ಸುಮ್ನೆ ದುಡ್ಡು ಹೋಯಿತು. ಕೆಲವು ಖರ್ಚೇ ಇಲ್ಲದೆ ಕೈ ಹಿಡಿದವು. ಅವನ್ನೆಲ್ಲ ಇಲ್ಲಿ ಪಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ. ಅಳೆಯುವ ಕೋಲು ಒಂದೇ: ಅಮ್ಮ ಇಲ್ಲ, ಕರೆಂಟ್ ಇಲ್ಲ, ಫೋನಿಲ್ಲ. ಆಗಲೂ ಇದು ಕೆಲಸಕ್ಕೆ ಬರುತ್ತದಾ? ಬರುವುದಾದರೆ ಅದನ್ನು ಮೊದಲು ಮಾಡಿ. ಬಾರದಿದ್ದರೆ ಆಮೇಲೆ ಮಾಡಿದರಾಯಿತು.

ಬರೆದಿಡುವುದು: ದಪ್ಪ ಫೈಲು, ಫೋನು, ಒಂದೇ ಹಾಳೆ

ಫೈಲು ಎಲ್ಲರ ಮನೆಯಲ್ಲೂ ಇರುತ್ತದೆ. ನಮ್ಮದು ಬಟ್ಟೆ ಅಂಗಡಿಯ ಚೀಲದಲ್ಲಿ, ಬೀರುವಿನ ಮೇಲೆ. ಇಇಜಿ (ಮಿದುಳಿನ ಪರೀಕ್ಷೆ) ವರದಿ, ಡಿಸ್ಚಾರ್ಜ್ ಚೀಟಿ, ಅಂಗವಿಕಲತೆಯ ಸರ್ಟಿಫಿಕೇಟು. ಹೊಸ ಡಾಕ್ಟರಿಗೆ ತೋರಿಸಲು, ಪಿಂಚಣಿಗೆ, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಇದು ಬೇಕೇ ಬೇಕು. ಆದರೆ ರಾತ್ರಿ ಹನ್ನೊಂದು ಗಂಟೆಗೆ ಎಮರ್ಜೆನ್ಸಿಯಲ್ಲಿ ಡ್ಯೂಟಿ ಡಾಕ್ಟರು ನಲವತ್ತು ಹಾಳೆ ತಿರುವಿ ಹಾಕುವುದಿಲ್ಲ. ಅವರಿಗೆ ಅಷ್ಟು ಸಮಯವೂ ಇರುವುದಿಲ್ಲ.

ಫೋನಿನಲ್ಲಿ ಎಲ್ಲ ಫೋಟೋ ತೆಗೆದಿಡುವುದು ಸುಲಭ. ನಾನು ದೂರದಲ್ಲಿದ್ದಾಗ ಡಾಕ್ಟರಿಗೆ ಕಳಿಸಲು ಅನುಕೂಲ. ಆದರೆ ಲಾಕ್ ಇರುವ ಫೋನು ಪಕ್ಕದ ಮನೆಯವರಿಗೆ ಏನೂ ಹೇಳುವುದಿಲ್ಲ. ಚಾರ್ಜ್ ಹೋದರಂತೂ ಅದು ಬರೀ ಗಾಜಿನ ತುಂಡು.

ಒಂದನ್ನೇ ಮಾಡಲು ಶಕ್ತಿ ಇದೆ ಅನ್ನುವವರು ಒಂದು ಹಾಳೆ ಮಾಡಿ. ಎರಡು ಮಗ್ಗುಲು ಬೇಡ, ಒಂದೇ ಮಗ್ಗುಲು. ದೊಡ್ಡ ಅಕ್ಷರ. ಲ್ಯಾಮಿನೇಷನ್ ಮಾಡಿಸಿ, ಇಲ್ಲದಿದ್ದರೆ ಆಷಾಢದಲ್ಲಿ ಬೂಷ್ಟು ಹಿಡಿಯುತ್ತದೆ. ನಮ್ಮದು ಅಡುಗೆಮನೆ ಬಾಗಿಲ ಹಿಂದೆ ಇದೆ. ಇನ್ನೊಂದು ಪಕ್ಕದ ಮನೆ ಅತ್ತೆಯ ಹತ್ತಿರ, ಮತ್ತೊಂದು ತುರ್ತಿನ ಚೀಲದಲ್ಲಿ.

ಹಾಳೆಯಲ್ಲಿ ಏನಿರಬೇಕು ಅನ್ನುವುದು ಮುಖ್ಯ. ಜಾಸ್ತಿ ಜನ ಕಾಯಿಲೆಯ ಹೆಸರಿನಿಂದ ಶುರುಮಾಡುತ್ತಾರೆ. ನಾವೂ ಹಾಗೇ ಮಾಡಿದ್ದೆವು. ಆಮೇಲೆ ಕಿತ್ತು ಬರೆದೆವು. ಈಗ ಮೇಲ್ಗಡೆ ಅವನ ಫೋಟೋ, ಕರೆಯುವ ಹೆಸರು. ಅದರ ಕೆಳಗಿನ ಸಾಲುಗಳು ಹೀಗಿವೆ:

"ನನಗೆ ಮಾತು ಕಡಿಮೆ, ನೀವು ಹೇಳಿದ್ದು ಅರ್ಥವಾಗುತ್ತದೆ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಹಿಂದಿನಿಂದ ಬಂದು ಮುಟ್ಟಬೇಡಿ. ಎರಡೂ ಕಿವಿ ಮುಚ್ಚಿಕೊಂಡರೆ ಸದ್ದು ತಡೆಯುತ್ತಿಲ್ಲ ಅಂತ. ಒಂದೇ ಕಿವಿ ಹಿಡಿದುಕೊಂಡರೆ ಅಥವಾ ತಲೆ ಚಚ್ಚಿಕೊಂಡರೆ ನನಗೆ ಎಲ್ಲೋ ನೋವಿದೆ. ಮಾತ್ರೆಯನ್ನು ಬಾಳೆಹಣ್ಣಿನ ಜೊತೆ ಕೊಡಿ. ನೀರು ನನ್ನ ಸ್ಟೀಲ್ ಲೋಟದಲ್ಲಿ."

ಅದಾದ ಮೇಲೆ ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು, ಆಗದ ಔಷಧಿ, ರಕ್ತದ ಗುಂಪು, ಫಿಟ್ಸ್ ಬಂದರೆ ಏನು ಮಾಡಬೇಕು, ಮೂವರ ಫೋನ್ ನಂಬರು. ಅಷ್ಟೇ.

ಆ ತಲೆ ಚಚ್ಚಿಕೊಳ್ಳುವ ಸಾಲಿಗೆ ಒಂದು ಕಥೆಯಿದೆ. ನಾಲ್ಕು ವರ್ಷದ ಹಿಂದೆ ಅವನು ಇದ್ದಕ್ಕಿದ್ದಂತೆ ಗೋಡೆಗೆ ತಲೆ ಚಚ್ಚಿಕೊಳ್ಳಲು ಶುರುಮಾಡಿದ. ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. "ಇಂಥವರು ಹೀಗೇ ಮಾಡೋದು" ಅಂತ ನಿದ್ದೆಯ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮೂರನೇ ದಿನ ಬೆಳಿಗ್ಗೆ ದಿಂಬಿನ ಮೇಲೆ ಕೀವು ಕಂಡಿತು. ಕಿವಿಯೊಳಗೆ ಸೋಂಕಾಗಿತ್ತು. ಮೂರು ದಿನ ಅವನು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ನೋವು ಹೇಳುತ್ತಿದ್ದ, ಯಾರೂ ಕೇಳಿಸಿಕೊಳ್ಳಲಿಲ್ಲ. ನಾನೂ ಸೇರಿ. ಹಾಗಾಗಿ ದಯವಿಟ್ಟು ಇದನ್ನು ನೆನಪಿಡಿ: ಹೊಸದಾಗಿ ಶುರುವಾದ ಯಾವ ವರ್ತನೆಗೂ ಮೊದಲು ಮೈಯಲ್ಲಿ ನೋವು ಹುಡುಕಬೇಕು. ಹಲ್ಲು, ಕಿವಿ, ಮಲ ಕಟ್ಟಿರುವುದು, ಮೂತ್ರ ಉರಿ. ಇವನ್ನು ನೋಡದೆ "ಅವನ ಸ್ವಭಾವ" ಅನ್ನಬಾರದು. ಡಾಕ್ಟರಿಗೂ ಇದನ್ನು ಬಾಯಿಬಿಟ್ಟು ಕೇಳಿ.

ಇನ್ನೊಂದು ಮಾತು. ಹಾಳೆ ಬರೆಯುವಾಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. "ದೇವಸ್ಥಾನಕ್ಕೆ ಹೋಗೋದಂದ್ರೆ ಅವನಿಗೆ ಪ್ರಾಣ" ಅಂತ ಅಮ್ಮ ಬರೆಸಿದ್ದಳು. ನಾನು ಫೋಟೋಗಳನ್ನು ಜಗುಲಿಯಲ್ಲಿ ಹರಡಿ ಎರಡೆರಡನ್ನೇ ಮುಂದಿಟ್ಟೆ. ದೇವಸ್ಥಾನದ ಫೋಟೋ ಪಕ್ಕಕ್ಕೆ ತಳ್ಳಿದ. ಬಸ್ಸಿನ ಫೋಟೋ ಎತ್ತಿಕೊಂಡು ಎದೆಗೆ ಒತ್ತಿಕೊಂಡ. ಅವನಿಗೆ ಇಷ್ಟವಿದ್ದದ್ದು ಅಲ್ಲಿಗೆ ಹೋಗುವ ಬಸ್ಸು! ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಮಗೆ ಗೊತ್ತಿರಲಿಲ್ಲ. ಈಗ ಅವನು ತುಂಬಾ ಕದಡಿದ ದಿನ ಅಪ್ಪಯ್ಯ ಕ್ರಾಸಿಗೆ ಕರೆದುಕೊಂಡು ಹೋಗಿ ಒಂದೆರಡು ಬಸ್ಸು ತೋರಿಸಿಕೊಂಡು ಬರುತ್ತಾರೆ. ಅರ್ಧ ಗಂಟೆಯಲ್ಲಿ ಸಮಾಧಾನವಾಗುತ್ತದೆ. ಇದೂ ಹಾಳೆಗೆ ಸೇರಿದೆ.

ಮಗು ಶಾಲೆಗೆ ಹೋಗುತ್ತಿದ್ದರೆ, ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಇಂಥ ಮಕ್ಕಳಿಗೆಂದೇ ಬಿಐಇಆರ್‌ಟಿ ಶಿಕ್ಷಕರು ಇರುತ್ತಾರೆ. ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆಯೂ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿದೆ. ಅವರು ಮಾಡುವ ಕಲಿಕೆಯ ಯೋಜನೆ ಬೇರೆ, ಈ ಹಾಳೆ ಬೇರೆ. ಅದು ಏನು ಕಲಿಯಬೇಕು ಅಂತ ಹೇಳುತ್ತದೆ. ಇದು ಹೇಗೆ ನೋಡಿಕೊಳ್ಳಬೇಕು ಅಂತ. ಎರಡೂ ಇರಲಿ.

ಯಾರನ್ನು ಕರೆಯುವುದು: 108, 112, ಪಕ್ಕದ ಮನೆ

108 ಆಂಬುಲೆನ್ಸ್ ಕರ್ನಾಟಕದಲ್ಲಿ 2008ರಿಂದ ಇದೆ, ದುಡ್ಡಿಲ್ಲ. ಜೀವಕ್ಕೆ ಅಪಾಯ ಅನಿಸಿದರೆ ಯೋಚನೆ ಮಾಡದೆ ಇದನ್ನೇ ಕರೆಯಿರಿ. ಕಾಣೆಯಾದರೆ, ಬೆಂಕಿ ಬಿದ್ದರೆ, ಯಾರಾದರೂ ಹೊಡೆದರೆ ಬಡಿದರೆ 112. 112ಕ್ಕೆ ಇನ್ನೊಂದು ಗುಣವಿದೆ: ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಅಲ್ಲಿದ್ದರೆ ಕರೆ ಹೋಗುತ್ತದೆ. ಪರದೆ ಮೇಲೆ "ಎಮರ್ಜೆನ್ಸಿ ಕಾಲ್ಸ್ ಓನ್ಲಿ" ಅಂತ ಬಂದಾಗ ಕೈಚೆಲ್ಲಿ ಕೂರಬೇಡಿ. 18ರೊಳಗಿನ ಮಕ್ಕಳಿಗೆ ಮಕ್ಕಳ ಸಹಾಯವಾಣಿ 1098 ಇದೆ. ಅವರಿಗೋ ನಿಮಗೋ ಮನಸ್ಸು ಕೈಮೀರುತ್ತಿದೆ ಅನಿಸಿದಾಗ ಟೆಲಿ ಮಾನಸ್, 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಕನ್ನಡದಲ್ಲೂ ಮಾತಾಡುತ್ತಾರೆ. ನೋಡಿಕೊಳ್ಳುವವರೂ ಇದಕ್ಕೆ ಕರೆ ಮಾಡಬಹುದು. ಸಂಕೋಚ ಬೇಡ.

ಕರೆ ಮಾಡಿದಾಗ ಮೊದಲು ಜಾಗ ಹೇಳಿ. ಮಲೆನಾಡಿನಲ್ಲಿ "ನಮ್ಮ ಮನೆ" ಹುಡುಕುವುದು ಹೊರಗಿನ ಡ್ರೈವರಿಗೆ ಬಹಳ ಕಷ್ಟ. ಯಾವ ಕ್ರಾಸು, ಎಡಕ್ಕೋ ಬಲಕ್ಕೋ, ಎಷ್ಟು ದೂರ, ಮಳೆಗಾಲದಲ್ಲಿ ವಾಹನ ಎಲ್ಲಿಯ ತನಕ ಬರುತ್ತದೆ, ಇಷ್ಟನ್ನು ಬರೆದು ಫೋನಿನ ಹತ್ತಿರ ಅಂಟಿಸಿ. ಗಾಬರಿಯಲ್ಲಿ ಸ್ವಂತ ಮನೆಯ ದಾರಿಯೂ ಬಾಯಿಗೆ ಬರುವುದಿಲ್ಲ. ಎರಡನೇ ಮಾತು: "ಇವರಿಗೆ ಆಟಿಸಂ ಇದೆ, ಸೈರನ್ ಸದ್ದು ಆಗುವುದಿಲ್ಲ, ಅಂಗಳಕ್ಕೆ ಬರುವಾಗ ನಿಲ್ಲಿಸಿ." ನಾವು ಕೇಳಿದಾಗ ಡ್ರೈವರು ನಿಲ್ಲಿಸಿದ್ದಾರೆ.

ಆದರೆ ಮೊದಲ ಹತ್ತು ಹದಿನೈದು ನಿಮಿಷ ಇದೆಯಲ್ಲ, ಅದು ಆಂಬುಲೆನ್ಸಿನ ಕೈಯಲ್ಲಿಲ್ಲ. ಅದು ಪಕ್ಕದ ಮನೆಯವರ ಕೈಯಲ್ಲಿದೆ. ಹಾಗಾಗಿ ನನ್ನ ತಕ್ಕಡಿಯಲ್ಲಿ ನೆರೆಮನೆಯೇ ಮೇಲು. ಬರೀ "ಏನಾದ್ರೂ ಆದ್ರೆ ನೋಡ್ಕಳಿ" ಅಂದರೆ ಸಾಲದು. ಅವರಿಗೆ ಕಲಿಸಬೇಕು, ನಮ್ಮವರಿಗೂ ಕಲಿಸಬೇಕು.

ನಾವು ಮಾಡಿದ್ದು ಕೆಂಪು ಚೀಲ. ದಪ್ಪ ಬಟ್ಟೆಯದು, ಬಚ್ಚಲಿಗೆ ಹೋಗುವ ದಾರಿಯ ಗೂಟಕ್ಕೆ ನೇತು ಹಾಕಿದ್ದೇವೆ. ಒಳಗೆ ಹಾಳೆ, ಐದು ದಿನದ ಮಾತ್ರೆ, ಅವನದೇ ತರಹದ ಇನ್ನೊಂದು ಸ್ಟೀಲ್ ಲೋಟ, ಸದ್ದು ತಡೆಯಲು ಕಿವಿಗೆ ಹಾಕುವ ಮಫ್ಲರ್, ಒಂದು ಜೊತೆ ಬಟ್ಟೆ, ಯುಡಿಐಡಿ ಮತ್ತು ಆಧಾರದ ಜೆರಾಕ್ಸು. ಪ್ರತಿ ಭಾನುವಾರ ಅಮ್ಮ ನೆಲದ ಮೇಲೆ ಕೂತು "ಚೀಲ" ಅನ್ನುತ್ತಿದ್ದಳು. ಅವನು ಚೀಲ ತೆಗೆದುಕೊಂಡು ಅತ್ತೆ ಮನೆಗೆ ನಡೆಯಬೇಕು. ನಾನು ಹಿಂದೆ ಹಿಂದೆ. ಅಲ್ಲಿ ಅತ್ತೆ ಚೀಲ ಇಸಿದುಕೊಂಡು, ಒಂದು ಕೋಡುಬಳೆ ಕೊಟ್ಟು, ಅವನ ಜೊತೆ ನಮ್ಮ ಮನೆಗೆ ವಾಪಸು ಬರಬೇಕು. ಮೊದಲ ಎರಡು ವಾರ ಅವನು ಸಂಕದ ಹತ್ತಿರ ನಿಂತುಬಿಟ್ಟ. ನಾಲ್ಕನೇ ವಾರ ಚೀಲವಿಲ್ಲದೆ ಓಡಿದ. ಏಳನೇ ವಾರ ಸರಿಯಾಯಿತು. ಆ ಸಂಕಕ್ಕೆ ಎರಡೂ ಕಡೆ ಬಿದಿರಿನ ಕೈಹಿಡಿ ಕಟ್ಟಿಸಿದ್ದು ಅದೇ ತಿಂಗಳು. ಹಳ್ಳ ಉಕ್ಕಿದ ದಿನಕ್ಕೆ ಈ ದಾರಿ ಬೇಡ ಅಂತ, ಅಂಗಳದ ಕಂಬಕ್ಕೆ ಹಳೇ ಶಾಲೆಯ ಗಂಟೆಯಂಥದ್ದೊಂದನ್ನು ಕಟ್ಟಿದ್ದೇವೆ. ಅದನ್ನು ಬಾರಿಸುವುದು ಅವನಿಗೆ ಇಷ್ಟವಿಲ್ಲ, ಸದ್ದು ಜಾಸ್ತಿ. ಅಮ್ಮ ಅಪ್ಪಯ್ಯನಿಗೆ ಮಾತ್ರ ಅದು.

ಕಳೆದ ಚಳಿಗಾಲದಲ್ಲಿ ಅಮ್ಮನಿಗೆ ತಲೆ ಸುತ್ತಿ ಅಡುಗೆಮನೆಯಲ್ಲಿ ಕುಸಿದು ಕೂತಳು. "ಚೀಲ" ಅನ್ನಲೂ ಆಗಲಿಲ್ಲವಂತೆ. ಅವನು ಸ್ವಲ್ಪ ಹೊತ್ತು ನೋಡಿದ. ಎದ್ದು ಹೋದ. ಅತ್ತೆ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದರು. ಕೆಂಪು ಚೀಲ ಕಂಡ ಕೂಡಲೇ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಿ ಬಂದರು. ಅವನು ಕೋಡುಬಳೆಗಾಗಿ ಅಲ್ಲೇ ನಿಂತಿದ್ದನಂತೆ. ಅತ್ತೆ ಸಂಜೆ ತಾವೇ ತಂದುಕೊಟ್ಟರು, ನಾಲ್ಕು.

ಕಳೆದುಹೋದರೆ: ಜಿಪಿಎಸ್ ವಾಚು, ಲಾಕೆಟ್ಟು, ಹೊಲಿದ ನಂಬರು

ಆಟಿಸಂ ಇರುವ ಕೆಲವರು ಸದ್ದಿಲ್ಲದೆ ಹೊರಟುಬಿಡುತ್ತಾರೆ. ನೀರಿನ ಕಡೆಗೆ ಸೆಳೆತವಿರುವವರೂ ಬಹಳ. ನಮ್ಮ ಊರುಗಳಲ್ಲಿ ನೀರಿಲ್ಲದ ಕಡೆ ಯಾವುದಿದೆ? ಕೆರೆ, ಕಟ್ಟೆಯಿಲ್ಲದ ಬಾವಿ, ಹಳ್ಳ, ತೋಟದ ಕೃಷಿಹೊಂಡ. ಕಾಣೆಯಾದ ಕ್ಷಣ ಮೊದಲು ನೀರಿನ ಹತ್ತಿರ ಹುಡುಕಿ. ಮನೆ ಒಳಗೆ, ನೆಂಟರ ಮನೆಯಲ್ಲಿ ಹುಡುಕುವುದು ಆಮೇಲೆ.

ಜಿಪಿಎಸ್ ವಾಚು ತಂದೆವು. ಶಿವಮೊಗ್ಗದಲ್ಲಿ ನನ್ನ ಮನೆಗೆ ಬಂದಾಗ ಚೆನ್ನಾಗಿ ಕೆಲಸ ಮಾಡಿತು. ಊರಲ್ಲಿ ಅದರ ಸಿಮ್ಮಿಗೆ ಸಿಗ್ನಲ್ ಇಲ್ಲ, ದಿನಾ ಚಾರ್ಜ್ ಮಾಡಬೇಕು, ಅವನಿಗೆ ಮಣಿಕಟ್ಟಿನ ಮೇಲೆ ಏನೂ ಇರಬಾರದು. ನಾಲ್ಕನೇ ದಿನ ಕೊಟ್ಟಿಗೆಯಲ್ಲಿ ಸಿಕ್ಕಿತು. ಪೇಟೆಯಲ್ಲಿರುವವರಿಗೆ, ವಾಚು ಕಟ್ಟಿಕೊಳ್ಳಲು ಒಪ್ಪುವವರಿಗೆ ಇದು ಒಳ್ಳೆಯದೇ. ಕ್ಯೂಆರ್ ಇರುವ ಲಾಕೆಟ್ಟಿಗೂ ಇದೇ ತೊಂದರೆ: ಸ್ಕ್ಯಾನ್ ಮಾಡುವವರಿಗೆ ಇಂಟರ್ನೆಟ್ ಬೇಕು.

ನಮಗೆ ಒಗ್ಗಿದ್ದು ಹೊಲಿಗೆ. ಅಂಗಿಯ ಕಾಲರಿನ ಒಳಗೆ, ಪ್ಯಾಂಟಿನ ಸೊಂಟಪಟ್ಟಿಯ ಒಳಗೆ ಬಿಳಿ ಪಟ್ಟಿ, ಅದರ ಮೇಲೆ ದಾರದಲ್ಲಿ ಎರಡು ಫೋನ್ ನಂಬರು. ಹೆಸರು, ವಿಳಾಸ ಹಾಕಿಲ್ಲ. ಗೊತ್ತಿಲ್ಲದವರು ಹೆಸರು ಹಿಡಿದು ಕರೆದರೆ ಅವನು ನಂಬಿ ಹೋಗಿಬಿಡುತ್ತಾನೆ. ಹೆಣ್ಣುಮಕ್ಕಳಿರುವ ಮನೆಯವರು ಇದನ್ನು ಇನ್ನೂ ಗಟ್ಟಿಯಾಗಿ ಪಾಲಿಸಿ. ಜೊತೆಗೆ ಆಧಾರಕ್ಕೆ ಬೆರಳಚ್ಚು, ಕಣ್ಣು ಕೊಡಿಸಿ, ಕಾಲಕಾಲಕ್ಕೆ ಅಪ್‌ಡೇಟ್ ಮಾಡಿಸಿ. ವರ್ಷಗಟ್ಟಲೆ ಕಾಣೆಯಾಗಿದ್ದವರು ಆಧಾರದ ಬೆರಳಚ್ಚಿನಿಂದ ಮನೆ ಸೇರಿದ ಪ್ರಕರಣಗಳು ದೇಶದಲ್ಲಿ ನಡೆದಿವೆ.

ದಣಪೆಗೆ (ಅಂಗಳದ ಗೇಟಿಗೆ) ಎಮ್ಮೆಯ ಕುತ್ತಿಗೆ ಗಂಟೆ ಕಟ್ಟಿದ್ದೇವೆ. ದಣಪೆ ಅಲುಗಿದರೆ ಅಡುಗೆಮನೆಗೆ ಕೇಳುತ್ತದೆ. ಬ್ಯಾಟರಿ ಬೇಡ. ಹೊರಗಿನಿಂದ ಬೀಗ ಹಾಕಿ ಕೂಡಿಹಾಕುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಬೆಂಕಿಯೋ ಗುಡ್ಡ ಕುಸಿತವೋ ಆದರೆ ಆ ಬಾಗಿಲು ತೆಗೆಯುವವರು ಯಾರು?

ಕ್ರಾಸಿನ ಅಂಗಡಿಯವರು, ಬಸ್ಸಿನ ಕಂಡಕ್ಟರು, ಹಾಲಿನ ಡೈರಿಯವರು, ಇವರಿಗೆ ಅವನ ಪರಿಚಯ ಮಾಡಿಸಿ. ಬಸ್ಸು ಇಷ್ಟ ಅಂತ ಗೊತ್ತಾದ ಮೇಲೆ ನಾನು ಮೊದಲು ಮಾತಾಡಿದ್ದೇ ಕಂಡಕ್ಟರುಗಳ ಹತ್ತಿರ.

ಫಿಟ್ಸ್ ಬಂದಾಗ: ಮನೆಯಲ್ಲೇ ಕಾಯುವುದೋ, ಹೊರಡುವುದೋ

ಇದರಲ್ಲಿ ನನ್ನ ಅಭಿಪ್ರಾಯಕ್ಕೆ ಜಾಗವಿಲ್ಲ, ವೈದ್ಯರು ಹೇಳುವುದು ಸ್ಪಷ್ಟ. ಗಡಿಯಾರ ನೋಡಿ. ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದು ಇಡಿ. ಅದುಮಿ ಹಿಡಿಯಬೇಡಿ, ಬಾಯಿಗೆ ಚಮಚ, ನೀರು, ಮಾತ್ರೆ ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದರಿಂದ ಏನೂ ಆಗುವುದಿಲ್ಲ. ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೊಂದು ಬಂದರೆ, ಮೊದಲ ಸಲ ಬಂದದ್ದಾದರೆ, ನೀರಿನಲ್ಲಿ ಬಂದರೆ, ತಲೆಗೆ ಪೆಟ್ಟಾದರೆ ಹೊರಡಲೇಬೇಕು. ಇಲ್ಲದಿದ್ದರೆ ಪಕ್ಕದಲ್ಲಿ ಕೂತು ಪೂರ್ತಿ ಎಚ್ಚರವಾಗುವ ತನಕ ಕಾಯಿರಿ.

ಆಸ್ಪತ್ರೆ ದೂರವಿರುವವರು ಡಾಕ್ಟರ ಹತ್ತಿರ ಮಿಡಜೋಲಾಮ್ ಮೂಗಿನ ಸ್ಪ್ರೇ ಬಗ್ಗೆ ಕೇಳಿ. ಎಷ್ಟು ಸಲ ಒತ್ತಬೇಕು ಅನ್ನುವುದನ್ನು ಅವರೇ ಬರೆದು ಕೊಡಬೇಕು. ನಮಗೆ ಬರೆದುಕೊಟ್ಟಿದ್ದಾರೆ. ಅದು ಕೆಂಪು ಚೀಲದ ಹೊರಜೇಬಿನಲ್ಲಿದೆ, ಅವಧಿ ಮುಗಿಯುವ ತಿಂಗಳನ್ನು ಮೇಲೆ ದೊಡ್ಡದಾಗಿ ಬರೆದಿದ್ದೇವೆ. ಮಳೆಗಾಲಕ್ಕೆ ಮೊದಲೇ ಒಂದು ತಿಂಗಳ ಮಾತ್ರೆ ತಂದಿಟ್ಟುಕೊಳ್ಳಿ. ಫಿಟ್ಸಿನ ಮಾತ್ರೆ ದಿಢೀರ್ ನಿಂತರೆ ಅದೇ ಫಿಟ್ಸಿಗೆ ದಾರಿ.

ಎಲ್ಲಿಗೆ ಹೋಗುವುದು? ನಮ್ಮ ಕಡೆಯವರಿಗೆ ಎರಡು ದಾರಿ. ಮೇಲೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಕೆಳಗೆ ಘಾಟಿ ಇಳಿದರೆ ಮಣಿಪಾಲ. ಬೇಸಿಗೆಯಲ್ಲಿ ಯಾವುದಾದರೂ ಸರಿ, ನಿಮ್ಮ ಡಾಕ್ಟರು ಎಲ್ಲಿದ್ದಾರೆ ಅನ್ನುವುದರ ಮೇಲೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆಗುಂಬೆ ಘಾಟಿಯನ್ನು ನೆಚ್ಚಿಕೊಳ್ಳಲಾಗುವುದಿಲ್ಲ. ಮರ ಬೀಳುತ್ತದೆ, ಗುಡ್ಡ ಜರಿಯುತ್ತದೆ. ಎರಡಕ್ಕೂ ಮೊದಲು ತಾಲ್ಲೂಕು ಆಸ್ಪತ್ರೆ. ಅಲ್ಲಿ ಫಿಟ್ಸ್ ನಿಲ್ಲಿಸಿಕೊಂಡು ಮುಂದೆ ಹೋಗುವುದೇ ಕ್ಷೇಮ. ಸಾಗರದ ಕಡೆ, ಶರಾವತಿ ಹಿನ್ನೀರಿನ ಆಚೆ ಇರುವವರಿಗೆ ಹಿಂದೆ ಲಾಂಚ್ (ದೊಡ್ಡ ದೋಣಿ) ನಿಂತ ಮೇಲೆ ಹತ್ತಿರದ ದಾರಿಯೇ ಇರಲಿಲ್ಲ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದಮೇಲೆ ಅವರ ಯೋಜನೆ ಪೂರ್ತಿ ಬದಲಾಗಬೇಕು. ಹಳೇ ಹಾಳೆ ಇದ್ದರೆ ತಿದ್ದಿಕೊಳ್ಳಿ.

ಮಗು ಚಿಕ್ಕದಿದ್ದು ಈಗಷ್ಟೇ ಅನುಮಾನ ಬಂದಿದ್ದರೆ, ಜಿಲ್ಲಾ ಮಟ್ಟದ ಡಿಇಐಸಿ (ಮಕ್ಕಳ ತೊಂದರೆಯನ್ನು ಬೇಗ ಗುರುತಿಸಿ ನೆರವಾಗುವ) ಕೇಂದ್ರ ಕೇಳಿ. 18 ವರ್ಷದ ತನಕ ಅಲ್ಲಿ ನೋಡುತ್ತಾರೆ. ಹೆಚ್ಚಿನ ತಪಾಸಣೆಗೆ ದಾವಣಗೆರೆಯ ಸಿಆರ್‌ಸಿ (ವಿಕಲಚೇತನರ ಪ್ರಾದೇಶಿಕ ಕೇಂದ್ರ), ಮಾತು ಮತ್ತು ಕೇಳುವಿಕೆಗೆ ಮೈಸೂರಿನ ಆಯಿಷ್, ಬೆಂಗಳೂರಿನ ನಿಮ್ಹಾನ್ಸ್.

ಕಾಗದ ಪತ್ರ

ಚಿಕಿತ್ಸೆಯ ಖರ್ಚಿಗೆ ನಿರಾಮಯ ಮತ್ತು ಆಯುಷ್ಮಾನ್ ಆರೋಗ್ಯ ಕರ್ನಾಟಕ, ಈ ಎರಡು ಯೋಜನೆಗಳಲ್ಲಿ ಯಾವುದು ಅಂತ ಬಹಳ ಜನ ಕೇಳುತ್ತಾರೆ. ಎರಡೂ ಮಾಡಿಸಿ. ಆಯುಷ್ಮಾನ್ ದೊಡ್ಡ ಚಿಕಿತ್ಸೆಗೆ, ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದ ತನಕ. ನಿರಾಮಯ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ಆರೋಗ್ಯ ವಿಮೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ ಇರುವವರಿಗೆ ಮಾತ್ರ. ವರ್ಷಕ್ಕೆ 1 ಲಕ್ಷದ ತನಕ. ವಯಸ್ಸಿನ ಮಿತಿ ಇಲ್ಲ, ಮೊದಲೇ ತಪಾಸಣೆ ಇಲ್ಲ. ಒಪಿಡಿ, ಔಷಧಿ, ಥೆರಪಿಗೂ ಸಿಗುತ್ತದೆ, ಒಂದೊಂದಕ್ಕೆ ಒಳಮಿತಿ ಇದೆ. ಮೊದಲು ನೀವು ಕೊಟ್ಟು ಆಮೇಲೆ ಬಿಲ್ಲು ಕಳಿಸಬೇಕು, ಹಾಗಾಗಿ ಪ್ರತಿ ಬಿಲ್ಲೂ ಎತ್ತಿಡಿ.

ಪೋಷಕತ್ವದ ವಿಷಯದಲ್ಲಿ ಯೋಚಿಸಿ ಹೆಜ್ಜೆ ಇಡಿ. 18 ತುಂಬಿದ ಮೇಲೆ ಕಾನೂನಿನಲ್ಲಿ ತಂದೆ ತಾಯಿಯೂ ತಾನಾಗಿ ಪೋಷಕರಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟರೆ ಕಾನೂನು ಪೋಷಕರನ್ನು ನೇಮಿಸುತ್ತಾರೆ. ಬ್ಯಾಂಕುಗಳು ಆ ಪತ್ರ ಒಪ್ಪಬಹುದು ಅಂತ ರಿಸರ್ವ್ ಬ್ಯಾಂಕೂ ಹೇಳಿದೆ. ಪೋಷಕರಾದವರು ಆರು ತಿಂಗಳೊಳಗೆ ಅವರ ಆಸ್ತಿಯ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಕೊಡಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇನ್ನೊಂದು ದಾರಿ ಇದೆ: ಸೀಮಿತ ಪೋಷಕತ್ವ. ಬೇಕಾದ ವಿಷಯಕ್ಕಷ್ಟೇ, ಇಬ್ಬರೂ ಸೇರಿ ತೀರ್ಮಾನ ಮಾಡುವುದು. ಸ್ವಲ್ಪ ನೆರವು ಕೊಟ್ಟರೆ ತಮಗೇನು ಬೇಕು, ಏನು ಬೇಡ ಅಂತ ಹೇಳಬಲ್ಲವರಿಗೆ ನಾನು ಇದನ್ನೇ ಹೇಳುತ್ತೇನೆ. ಅವರ ಹೆಸರಿನ ಜಮೀನಿಗಾಗಿ ಅವಸರದಲ್ಲಿ ಪೂರ್ತಿ ಪೋಷಕತ್ವ ಕೇಳುವ ನೆಂಟರ ಬಗ್ಗೆ ಎಚ್ಚರವಿರಲಿ. ಅಡಿಕೆ ತೋಟ ಇರುವ ಮನೆಗಳಲ್ಲಿ ಇದು ಸಣ್ಣ ವಿಷಯ ಅಲ್ಲ.

ಇದೆಲ್ಲ ಎಲ್ಲಿಂದ ಶುರುಮಾಡುವುದು ಅಂತ ತಿಳಿಯದಿದ್ದರೆ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕೇಳಿ. ಅವರೂ ವಿಕಲಚೇತನರೇ, ನಮ್ಮ ಕಷ್ಟ ಅರ್ಧ ಮಾತಿಗೇ ತಿಳಿಯುತ್ತದೆ.

ಮನೆ ಬಿಡಬೇಕಾಗಿ ಬಂದರೆ

2016ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ವಿಕಲಚೇತನರ ವಿವರ ಇಟ್ಟುಕೊಳ್ಳಬೇಕು, ಅಪಾಯ ಬಂದಾಗ ಅವರಿಗೆ ತಿಳಿಸಬೇಕು. ನಿಮ್ಮವರ ಹೆಸರು ಅದರಲ್ಲಿದೆಯಾ ಅಂತ ಮೇ ತಿಂಗಳಲ್ಲೇ ವಿಆರ್‌ಡಬ್ಲ್ಯೂ ಮೂಲಕ ಕೇಳಿ, ಬರವಣಿಗೆಯಲ್ಲಿ ಕೊಡಿ.

ಸರ್ಕಾರ ತೆರೆಯುವ ಕಾಳಜಿ ಕೇಂದ್ರಕ್ಕಾ, ನೆಂಟರ ಮನೆಗಾ? ನಮ್ಮ ತಮ್ಮನಂಥವರಿಗೆ ಶಾಲೆಯ ಹಾಲಿನಲ್ಲಿ ನೂರು ಜನರ ನಡುವೆ, ತಗಡಿನ ಮೇಲಿನ ಮಳೆ ಸದ್ದಿನಲ್ಲಿ ಒಂದು ರಾತ್ರಿ ಕಳೆಯುವುದೂ ಹಿಂಸೆ. ನೆಂಟರ ಮನೆ ಇದ್ದರೆ ಅದೇ ಒಳ್ಳೆಯದು. ಆದರೆ ಮೊದಲೇ ಎರಡು ಮೂರು ರಾತ್ರಿ ಅಲ್ಲಿ ಮಲಗಿಸಿ ರೂಢಿ ಮಾಡಿಸಿರಬೇಕು. ಕಾಳಜಿ ಕೇಂದ್ರವೇ ಗತಿಯಾದರೆ ಮೂಲೆಯ ಒಂದು ಕೋಣೆ ಕೇಳಿ, ಮಫ್ಲರು ಮರೆಯಬೇಡಿ.

ಇದೇ ಮಾತು ಮುಂದಿನ ದಿನಗಳಿಗೂ. ಅಪ್ಪ ಅಮ್ಮನ ನಂತರ ಎಲ್ಲಿ ಅನ್ನುವ ಪ್ರಶ್ನೆಗೆ ಒಡಹುಟ್ಟಿದವರ ಮನೆ, ಹಗಲು ಕೇಂದ್ರ, ವಸತಿ ಸಂಸ್ಥೆ ಅಂತ ಮೂರು ಉತ್ತರ ಸಿಗುತ್ತವೆ. ವಸತಿ ಸಂಸ್ಥೆ ನೋಡಲು ಹೋದರೆ ಹೇಳದೆ, ಊಟದ ಹೊತ್ತಿಗೆ ಹೋಗಿ. ರಾತ್ರಿ ಎಷ್ಟು ಜನರಿಗೆ ಒಬ್ಬರು ನೋಡಿಕೊಳ್ಳುವವರು ಇರುತ್ತಾರೆ ಅಂತ ಕೇಳಿ. ಬೀಗ ಎಲ್ಲಿದೆ ನೋಡಿ. ನಾವು ಸದ್ಯಕ್ಕೆ ನನ್ನ ಮನೆ ಅಂತ ತೀರ್ಮಾನಿಸಿದ್ದೇವೆ. ತಿಂಗಳಿಗೆ ಎರಡು ರಾತ್ರಿ ಅವನು ಶಿವಮೊಗ್ಗಕ್ಕೆ ಬರುತ್ತಾನೆ, ಬಸ್ಸಿನಲ್ಲೇ.

ಪ್ರತಿ ವರ್ಷ ಆರಿದ್ರ ಮಳೆಗೆ ಮೊದಲು ಹಾಳೆ ಇಳಿಸಿ ಓದುತ್ತೇವೆ. ಈ ಸಲ ಒಂದು ಮಾತ್ರೆಯ ಹೊತ್ತು ಬದಲಾಗಿತ್ತು, ಅಪ್ಪಯ್ಯನ ಫೋನ್ ನಂಬರು ಬದಲಾಗಿತ್ತು. ಮತ್ತೊಂದು ಸಾಲು ಹೊಸದಾಗಿ ಸೇರಿತು. ಕೋಡುಬಳೆ ಡಬ್ಬ ಅತ್ತೆ ಮನೆಯಲ್ಲಿ ಎಲ್ಲಿದೆ ಅಂತ.